ತಾಡಪತ್ರ ಗ್ರಂಥಸೂಚಿಯೂ ತೆರೆಯ ಮೇಲಣ ವೃಕ್ಷವೂ: ಓಘ–ಆದೇಶ ಕ್ರಮದಿಂದ ಒಂದು ಪರಿಶೀಲನೆ

೧

ದಕ್ಷಿಣ ಕನ್ನಡದ ಜೈನ ಮಠ, ಬಸದಿ, ಮನೆತನಗಳಲ್ಲಿ ಉಳಿದುಬಂದಿರುವ ತಾಡಪತ್ರ ಪ್ರತಿಗಳ ಸೂಚಿಗಳು ಈಗ ಕಾಗದದ ಪುಟದಿಂದ ಗಣಕಯಂತ್ರದ ತೆರೆಗೆ ಸಾಗುತ್ತಿವೆ. ೨೦೦೩ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರವು ರಾಷ್ಟ್ರೀಯ ಹಸ್ತಪ್ರತಿ ಅಭಿಯಾನವನ್ನು ಆರಂಭಿಸಿದ ಮೇಲೆ ಈ ಕಾರ್ಯಕ್ಕೆ ದೇಶವ್ಯಾಪಿಯಾದ ಒಂದು ರೂಪ ಬಂದಿತು. ೨೦೨೫ರ ಮುಂಗಡಪತ್ರದಲ್ಲಿ ಘೋಷಿತವಾದ ‘ಜ್ಞಾನ ಭಾರತಂ’ ಯೋಜನೆಯು ಒಂದು ಕೋಟಿಗೂ ಮಿಕ್ಕ ಹಸ್ತಪ್ರತಿಗಳ ಸಮೀಕ್ಷೆ, ದಾಖಲೆ ಮತ್ತು ಸಂರಕ್ಷಣೆಗಳನ್ನು ಗುರಿಯಾಗಿ ಇರಿಸಿಕೊಂಡಿದೆ. ಇಷ್ಟು ಪ್ರತಿಗಳನ್ನು ಒಂದರ ಕೆಳಗೊಂದರಂತೆ ಬರೆದಿಟ್ಟರೆ ಅದನ್ನು ಆದ್ಯಂತವಾಗಿ ನೋಡಬಲ್ಲವರು ಯಾರೂ ಇಲ್ಲ. ಆದುದರಿಂದ ರಾಜ್ಯ, ಜಿಲ್ಲೆ, ಭಂಡಾರ, ವಿಷಯ, ಕೃತಿ, ಪ್ರತಿ ಎಂಬ ಮೆಟ್ಟಿಲುಗಳಲ್ಲಿ ಅವನ್ನು ಜೋಡಿಸಿ, ನೋಡುವವನು ಬೆರಳಿಟ್ಟ ಶಾಖೆ ತೆರೆದುಕೊಳ್ಳುವಂತೆಯೂ ಉಳಿದವು ಮುಚ್ಚಿಕೊಂಡಿರುವಂತೆಯೂ ಏರ್ಪಡಿಸುವ ವೃಕ್ಷರೂಪದ ದೃಶ್ಯಪಟಗಳ ಅವಶ್ಯಕತೆ ಒದಗಿದೆ.

ಇಂತಹ ದೃಶ್ಯಪಟಗಳ ರಚನೆ ಯಂತ್ರಜ್ಞರಿಗೆ ಬಿಟ್ಟ ವಿಷಯವೆಂದು ಹಸ್ತಪ್ರತಿಶಾಸ್ತ್ರವನ್ನು ಬಲ್ಲವರು ಸುಮ್ಮನಿರುವುದುಂಟು. ಇದು ಯುಕ್ತವೆನಿಸದು. ಯಾವ ಪ್ರತಿ ವಿದ್ವಾಂಸನ ಕಣ್ಣಿಗೆ ಬೀಳುತ್ತದೆ, ಯಾವುದು ಬೀಳುವುದಿಲ್ಲ ಎಂಬುದು ಇನ್ನು ಮುಂದೆ ಬಹುಮಟ್ಟಿಗೆ ಈ ರಚನೆಯಿಂದಲೇ ನಿರ್ಣಯವಾಗತಕ್ಕದ್ದು. ಪಾಠಾಂತರಗಳಿಗಾಗಿ ಪ್ರತಿಗಳನ್ನು ಅರಸುವ ಸಂಪಾದಕನೂ ಯಾವ ಭಂಡಾರದ ಓಲೆಗಳಿಗೆ ಮೊದಲು ಎಣ್ಣೆ ಹಚ್ಚಿ ಛಾಯಾಚಿತ್ರ ತೆಗೆಯಿಸಬೇಕೆಂದು ಆಲೋಚಿಸುವ ಅಧಿಕಾರಿಯೂ ಅದೇ ಪಟದ ಮುಂದೆ ಕುಳಿತುಕೊಳ್ಳುವರು. ಓಲೆಯ ಕಟ್ಟು ಗೆದ್ದಲು ಹಿಡಿದು ನಷ್ಟವಾಗುವಂತೆಯೇ, ಯಾರೂ ತೆರೆಯದ ಶಾಖೆಯ ಕೆಳಗೆ ಸೇರಿಯೂ ನಷ್ಟವಾಗಬಹುದು.

ಈ ಲೇಖನದಲ್ಲಿ ಅಂತಹ ಪಟಗಳ ಮುಖ್ಯ ಪ್ರಕಾರಗಳನ್ನು ಮೂಡುಬಿದಿರೆ, ಬೆಳ್ತಂಗಡಿ, ಬಂಟ್ವಾಳ ಪ್ರದೇಶದ ಸಾಮಗ್ರಿಗೆ ಅನ್ವಯಿಸಿ ಪರಿಶೀಲಿಸಲಾಗಿದೆ. ಒರೆಗಲ್ಲಾಗಿ ಸಿದ್ಧಾಂತಗ್ರಂಥಗಳ ನಿರೂಪಣಾಕ್ರಮವನ್ನು ಇರಿಸಿಕೊಂಡಿದೆ. ಅನಂತ ಜೀವರಾಶಿಯನ್ನೂ ಕರ್ಮಪ್ರಕೃತಿಗಳ ಬಹುಮುಖ ಭೇದಗಳನ್ನೂ ಶ್ರೇಣಿಶ್ರೇಣಿಯಾಗಿ ವಿಭಜಿಸಿ ತೋರಿಸುವ ಸಮಸ್ಯೆಯನ್ನು ಆ ಗ್ರಂಥಕಾರರು ಬಹು ಹಿಂದೆಯೇ ಎದುರಿಸಿದ್ದರು.

೨

ಮೊದಲು ಮುದ್ರಿತ ಸೂಚಿಗಳನ್ನು ನೋಡಬಹುದು. ೧೯೪೪ರಲ್ಲಿ ಪುಣೆಯ ಭಾಂಡಾರ್ಕರ್ ಪ್ರಾಚ್ಯವಿದ್ಯಾ ಸಂಶೋಧನ ಮಂದಿರವು ಪ್ರಕಟಿಸಿದ ಎಚ್. ಡಿ. ವೇಲಣಕರರ ‘ಜಿನರತ್ನಕೋಶ’ವು ಜೈನ ಕೃತಿಗಳನ್ನು ಅಕಾರಾದಿಯಾಗಿ ಜೋಡಿಸುತ್ತದೆ. ಹೆಸರು ಗೊತ್ತಿದ್ದವನಿಗೆ ಇದರಷ್ಟು ಉಪಕಾರಿಯಾದ ಗ್ರಂಥ ಮತ್ತೊಂದಿಲ್ಲ. ಹೆಸರು ಗೊತ್ತಿಲ್ಲದವನಿಗೆ ಅದು ಪ್ರವೇಶವನ್ನು ಕೊಡುವುದಿಲ್ಲ. ೧೯೪೮ರಲ್ಲಿ ಕಾಶಿಯ ಭಾರತೀಯ ಜ್ಞಾನಪೀಠದಿಂದ ಹೊರಬಂದ ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳ ‘ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ’ಯ ಮಾರ್ಗ ಬೇರೆ. ಮೂಡುಬಿದಿರೆಯ ಜೈನಮಠ, ಜೈನಭವನ, ಸಿದ್ಧಾಂತ ಬಸದಿ, ಹಾಗೆಯೇ ಕಾರ್ಕಳದ ಭಂಡಾರ ಮೊದಲಾದುವನ್ನು ಶಾಸ್ತ್ರಿಗಳು ಪ್ರತ್ಯೇಕ ಪ್ರತ್ಯೇಕವಾಗಿ ವಿವರಿಸಿದರು. ಹಿಂದಿಯಲ್ಲಿ ಬರೆದುದರಿಂದ ಉತ್ತರದ ವಿದ್ವಾಂಸರಿಗೂ ತುಳುನಾಡಿನ ಓಲೆಗಳ ಪರಿಚಯವಾಯಿತು. ಇಂದಿಗೂ ಈ ಪ್ರದೇಶದ ಯಾವ ಸಂಪಾದನಕಾರ್ಯವೂ ಆ ಗ್ರಂಥವನ್ನು ಬಿಟ್ಟು ಮುಂದುವರಿಯಲಾರದು.

ಈ ಎರಡು ಸೂಚಿಗಳು ಎರಡು ಭಿನ್ನ ಕ್ರಮಗಳನ್ನು ಪ್ರತಿನಿಧಿಸುತ್ತವೆ. ಒಂದು ಸಮತಲವಾದ ಪಟ್ಟಿ. ಇನ್ನೊಂದು, ಭಂಡಾರವೆಂಬ ಮೂಲಶಾಖೆಯನ್ನುಳ್ಳ ವೃಕ್ಷ. ಮುದ್ರಿತ ಪುಸ್ತಕಕ್ಕೆ ಒಂದೇ ಕ್ರಮ ಸಾಧ್ಯ. ಭಂಡಾರವಾರು ಮುದ್ರಿಸಿದರೆ, ಒಂದೇ ಕೃತಿಯ ಪ್ರತಿಗಳು ಮೂರು ಕಡೆ ಚದರುವುವು. ಕೃತಿವಾರು ಮುದ್ರಿಸಿದರೆ ಭಂಡಾರದ ಸ್ವರೂಪ ಮರೆಯಾಗುವುದು. ಅನುಬಂಧದ ಅಕಾರಾದಿಯು ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬುವುದಷ್ಟೆ. ಗಣಕಯಂತ್ರದ ತೆರೆಗೆ ಈ ನಿರ್ಬಂಧವಿಲ್ಲ. ಅದೇ ಸಾಮಗ್ರಿಯನ್ನು ಕೇಳಿದಾಗ ಕೇಳಿದ ಕ್ರಮದಲ್ಲಿ ಅದು ಜೋಡಿಸಿ ತೋರಿಸಬಲ್ಲದು. ಈ ಶಕ್ತಿಯನ್ನು ಬಳಸಿಕೊಳ್ಳದೆ ಮುದ್ರಿತ ಪುಸ್ತಕದ ಏಕಕ್ರಮವನ್ನೇ ತೆರೆಯ ಮೇಲೆ ಇಳಿಸಿದರೆ, ಹೊಸ ಸಾಧನದಿಂದ ಹಳೆಯ ದೋಷವೇ ಮುಂದುವರಿದಂತಾಗುವುದು.

೩

ವಿಸ್ತಾರವಾದ ಶ್ರೇಣೀಬದ್ಧ ಸಾಮಗ್ರಿಯನ್ನು ಚಿಕ್ಕ ತೆರೆಯಲ್ಲಿ ತೋರಿಸುವ ಪ್ರಯತ್ನಗಳು ಅಮೆರಿಕದಲ್ಲಿ ೧೯೮೦ರ ದಶಕದಿಂದ ನಡೆದಿವೆ. ೧೯೮೬ರಲ್ಲಿ ಜಾರ್ಜ್ ಫರ್ನಾಸರು ‘ಮೀನಿನ ಕಣ್ಣಿನ ನೋಟ’ ಎಂಬ ಕ್ರಮವನ್ನು ಪ್ರತಿಪಾದಿಸಿದರು. ನೋಡುವವನು ನಿಂತ ಸ್ಥಳದ ವಿವರಗಳೆಲ್ಲ ಕಾಣಬೇಕು; ದೂರ ದೂರವಾದಂತೆ ಪ್ರಧಾನವಾದುವು ಮಾತ್ರ ಉಳಿಯಬೇಕು ಎಂಬುದು ಅದರ ತತ್ತ್ವ. ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ೧೪ ಮಂದಿ ಹಂಚಿಕೊಂಡಿದ್ದ ೮೦ ಮೆಗಾಬೈಟ್‌ಗಳ ಒಂದು ಡಿಸ್ಕ್ ತುಂಬಿಹೋದಾಗ, ಸ್ಥಳವನ್ನು ಯಾರು ಯಾರು ಎಷ್ಟೆಷ್ಟು ಆಕ್ರಮಿಸಿದ್ದಾರೆಂದು ತಿಳಿಯಲು ಬೆನ್ ಶ್ನೈಡರ್‌ಮನ್ನರು ೧೯೯೦ರ ಸುಮಾರಿಗೆ ‘ವೃಕ್ಷಕ್ಷೇತ್ರ’ ಎನ್ನಬಹುದಾದ ಟ್ರೀಮ್ಯಾಪ್ ಕ್ರಮವನ್ನು ರೂಪಿಸಿದರು. ಇದರಲ್ಲಿ ಇಡೀ ತೆರೆಯನ್ನು ಆಯತಗಳಾಗಿ ವಿಭಜಿಸಿ, ಪ್ರತಿಯೊಂದು ಶಾಖೆಗೂ ಅದರ ಪ್ರಮಾಣಕ್ಕನುಗುಣವಾದ ಕ್ಷೇತ್ರಫಲವನ್ನು ಕೊಡುತ್ತಾರೆ. ೧೯೯೧ರಲ್ಲಿ ಕ್ಯಾಲಿಫೋರ್ನಿಯಾದ ಜೆರಾಕ್ಸ್ ಸಂಶೋಧನ ಕೇಂದ್ರದವರು ಶಂಕುವಿನಾಕಾರದ ವೃಕ್ಷಗಳನ್ನೂ, ೧೯೯೫ರಲ್ಲಿ ನಡುವೆ ವಿಸ್ತಾರವಾಗಿ ಅಂಚಿನಲ್ಲಿ ಸಂಕುಚಿತವಾಗುವ ಅತಿಪರವಲಯ ವೃಕ್ಷವನ್ನೂ ರಚಿಸಿದರು. ೨೦೦೨ರಲ್ಲಿ ಮೇರಿಲ್ಯಾಂಡಿನಲ್ಲೇ ಸಿದ್ಧವಾದ ಸ್ಪೇಸ್‌ಟ್ರೀ ಎಂಬ ಪಟದಲ್ಲಿ, ತೆರೆಯದ ಶಾಖೆಯ ತುದಿಗೆ ಒಂದು ಪುಟ್ಟ ತ್ರಿಕೋನವನ್ನಿಟ್ಟು, ಒಳಗೆ ಎಷ್ಟು ಇದೆಯೆಂಬುದರ ಅಂದಾಜನ್ನು ಕೊಡಲಾಯಿತು.

ಇವೆಲ್ಲಕ್ಕೂ ಸಮಾನವಾದ ಒಂದು ನಡೆಯನ್ನು ಶ್ನೈಡರ್‌ಮನ್ನರು ೧೯೯೬ರಲ್ಲಿ ಸೂತ್ರರೂಪವಾಗಿ ಹೇಳಿದರು. ಮೊದಲು ಸಮಗ್ರದ ನೋಟ, ಆಮೇಲೆ ಸಮೀಪಗಮನ ಮತ್ತು ಆಯ್ಕೆ, ಕೊನೆಗೆ ಕೇಳಿದಷ್ಟು ವಿವರ ಎಂಬುದು ಅದರ ತಾತ್ಪರ್ಯ. ಷಟ್ಖಂಡಾಗಮವನ್ನು ಬಲ್ಲವರಿಗೆ ಈ ನಡೆ ಅಪರಿಚಿತವಲ್ಲ. ಅಲ್ಲಿ ಪ್ರತಿಯೊಂದು ಅನುಯೋಗದ್ವಾರವೂ ‘ಓಘ’ ಮತ್ತು ‘ಆದೇಶ’ ಎಂದು ಎರಡು ಬಗೆಯಾಗಿ ನಡೆಯುತ್ತದೆ. ೧೪ ಗುಣಸ್ಥಾನಗಳ ಮೂಲಕ ಜೀವರಾಶಿಯನ್ನು ಸಾಮಾನ್ಯವಾಗಿ ಹೇಳುವುದು ಓಘ; ಗತಿ, ಇಂದ್ರಿಯ, ಕಾಯ ಮೊದಲಾದ ೧೪ ಮಾರ್ಗಣೆಗಳ ಮೂಲಕ ವಿಶೇಷವಾಗಿ ಹೇಳುವುದು ಆದೇಶ. ಸತ್, ಸಂಖ್ಯೆ, ಕ್ಷೇತ್ರ, ಸ್ಪರ್ಶನ, ಕಾಲ, ಅಂತರ, ಭಾವ, ಅಲ್ಪಬಹುತ್ವ ಎಂಬ ಎಂಟು ದ್ವಾರಗಳಲ್ಲೂ ಇದೇ ಕ್ರಮ. ಸೂತ್ರಗಳು ಅನೇಕ ಕಡೆ ಪೃಚ್ಛೆಯಿಂದ ಆರಂಭವಾಗಿ ಉತ್ತರದಿಂದ ಮುಗಿಯುವುವು. ತೆರೆಯ ಮೇಲೆ ಬೆರಳಿಡುವುದೂ ಒಂದು ಬಗೆಯ ಪೃಚ್ಛೆಯೇ ಆದುದರಿಂದ, ಈ ಎರಡನ್ನು ಒಟ್ಟಿಗೆ ಇಟ್ಟು ನೋಡುವುದರಲ್ಲಿ ಅಸಾಂಗತ್ಯವಿಲ್ಲ.

೪

ಈಗ ಒಂದೊಂದಾಗಿ ಪರೀಕ್ಷಿಸಬಹುದು. ಟ್ರೀಮ್ಯಾಪಿನಲ್ಲಿ ಕ್ಷೇತ್ರಫಲವು ಎಣಿಕೆಯನ್ನು ಅನುಸರಿಸುತ್ತದೆ. ಇದನ್ನು ಕರ್ಮಪ್ರಕೃತಿಗಳಿಗೆ ಅನ್ವಯಿಸಿದರೆ ಫಲವೇನೆಂಬುದು ಲೆಕ್ಕದಿಂದಲೇ ತಿಳಿಯುವುದು. ಮೂಲಪ್ರಕೃತಿಗಳು ೮. ಉತ್ತರಪ್ರಕೃತಿಗಳು ಜ್ಞಾನಾವರಣಕ್ಕೆ ೫, ದರ್ಶನಾವರಣಕ್ಕೆ ೯, ವೇದನೀಯಕ್ಕೆ ೨, ಮೋಹನೀಯಕ್ಕೆ ೨೮, ಆಯುವಿಗೆ ೪, ನಾಮಕ್ಕೆ ೯೩, ಗೋತ್ರಕ್ಕೆ ೨, ಅಂತರಾಯಕ್ಕೆ ೫, ಒಟ್ಟು ೧೪೮. ಇವನ್ನು ಆಯತಗಳಾಗಿ ಬರೆದರೆ ಪಟದ ನೂರರಲ್ಲಿ ಸುಮಾರು ೬೩ ಭಾಗವನ್ನು ನಾಮಕರ್ಮವೊಂದೇ ಆಕ್ರಮಿಸುವುದು. ಸಂಸಾರಕ್ಕೆ ಮೂಲವೆನಿಸಿದ ಮೋಹನೀಯಕ್ಕೆ ೧೯ ಭಾಗ ಮಾತ್ರ ಸಿಕ್ಕುವುದು. ಶರೀರದ ಸಂಸ್ಥಾನ, ವರ್ಣ, ಸ್ಪರ್ಶಗಳ ಭೇದಗಳು ಹೆಚ್ಚಾದುದರಿಂದ ನಾಮದ ಎಣಿಕೆ ಬೆಳೆಯಿತು; ಅದರಿಂದ ಅದು ಮೋಹನೀಯಕ್ಕಿಂತ ಪ್ರಬಲವಾಗಲಿಲ್ಲ. ಪಟವನ್ನು ಮಾತ್ರ ನೋಡಿದ ವಿದ್ಯಾರ್ಥಿಗೆ ಈ ವಿವೇಕ ಬಾರದು.

ಗ್ರಂಥಭಂಡಾರಗಳ ವಿಷಯದಲ್ಲೂ ಹೀಗೆಯೇ. ಮೂಡುಬಿದಿರೆ ೧೮ ಬಸದಿಗಳ ಊರು. ಮಠದ ಭಂಡಾರವೂ ಶ್ರೀಮತಿ ರಮಾರಾಣಿ ಜೈನ ಶೋಧ ಸಂಸ್ಥಾನದ ಸಂಗ್ರಹವೂ ಅಲ್ಲಿವೆ. ಬೆಳ್ತಂಗಡಿ ತಾಲೂಕಿನಲ್ಲಿ ಧರ್ಮಸ್ಥಳದ ಸಂಗ್ರಹವನ್ನು ಬಿಟ್ಟರೆ, ಬಸದಿಗಳಲ್ಲೂ ಹಳೆಯ ಮನೆಗಳಲ್ಲೂ ಇರಬಹುದಾದುವು ಒಂದೆರಡು ಕಟ್ಟುಗಳ ಬಿಡಿ ನಿಧಿಗಳು. ಬಂಟ್ವಾಳದ ಕಡೆಯೂ ಅಷ್ಟೆ. ಪ್ರತಿಗಳ ಎಣಿಕೆಯನ್ನೇ ಪ್ರಮಾಣವಾಗಿಟ್ಟು ಕ್ಷೇತ್ರವನ್ನು ಹಂಚಿದರೆ, ತೆರೆಯ ಬಹುಭಾಗ ಮೂಡುಬಿದಿರೆಯದಾಗಿ, ಒಂದೇ ಕಟ್ಟು ಇರುವ ಮನೆ ಕೂದಲೆಳೆಯಷ್ಟಾಗಿ ಕಣ್ಮರೆಯಾಗುವುದು. ಆದರೆ ಪಾಠಪರಿಷ್ಕರಣದಲ್ಲಿ ದೂರದ ಮನೆಯೊಂದರ ಏಕೈಕ ಪ್ರತಿಯು ಮಠದ ಹತ್ತು ಸಮಾನಪ್ರತಿಗಳಿಗಿಂತ ಬೆಲೆಯುಳ್ಳದ್ದಾಗಬಹುದು. ಒಂದೇ ಮೂಲದಿಂದ ಇಳಿದ ಹತ್ತು ಪ್ರತಿಗಳು ಒಂದೇ ಸಾಕ್ಷಿಯನ್ನು ನುಡಿಯುವುವು. ಬೇರೆ ಮೂಲದ ಒಂದು ಪ್ರತಿಯು ಬೇರೊಂದು ಸಾಕ್ಷಿಯನ್ನು ನುಡಿಯುವುದು. ರಕ್ಷಣೆಯ ದೃಷ್ಟಿಯಿಂದಲೂ, ಒಬ್ಬ ಯಜಮಾನನ ಆಸ್ಥೆಯನ್ನೇ ನಂಬಿ ಉಳಿದ ಕಟ್ಟಿಗೆ ಅಪಾಯ ಹೆಚ್ಚು. ಸಹಾಯ ಮೊದಲು ಬೇಕಾದಲ್ಲಿಯೇ ಪಟವು ಅತ್ಯಂತ ಚಿಕ್ಕದಾಗಿ ತೋರಿಸುವುದು ಈ ಕ್ರಮದ ಮುಖ್ಯ ದೋಷ.

ಈ ದೋಷಕ್ಕೆ ಪರಿಹಾರ ಹಿಂದಿನ ಚಿತ್ರಕಾರರಲ್ಲಿಯೇ ದೊರೆಯುತ್ತದೆ. ಜಂಬೂದ್ವೀಪದ ವ್ಯಾಸ ೧ ಲಕ್ಷ ಯೋಜನ. ಅದನ್ನು ಸುತ್ತಿದ ಲವಣಸಮುದ್ರದ ವಿಸ್ತಾರ ೨ ಲಕ್ಷ, ಧಾತಕೀಖಂಡದ್ದು ೪ ಲಕ್ಷ, ಕಾಲೋದದ್ದು ೮ ಲಕ್ಷ. ಪುಷ್ಕರಾರ್ಧದ ೮ ಲಕ್ಷವೂ ಸೇರಿ ಎರಡೂವರೆ ದ್ವೀಪಗಳ ಒಟ್ಟು ವ್ಯಾಸ ೪೫ ಲಕ್ಷ ಯೋಜನ. ಪ್ರಮಾಣವನ್ನು ಯಥಾವತ್ತಾಗಿ ಅನುಸರಿಸಿ ಬರೆದರೆ ನಡುವಣ ಜಂಬೂದ್ವೀಪವು ವ್ಯಾಸದ ೪೫ರಲ್ಲಿ ಒಂದು ಭಾಗವಾಗಿ, ಅದರೊಳಗಿನ ಭರತಾದಿ ಕ್ಷೇತ್ರಗಳನ್ನೂ ಕುಲಪರ್ವತಗಳನ್ನೂ ಬಿಡಿಸಲು ಸ್ಥಳವೇ ಇರದು. ಆದುದರಿಂದ ಪಟಚಿತ್ರಕಾರರು ನಡುವಣ ದ್ವೀಪವನ್ನು ದೊಡ್ಡದಾಗಿ ಬರೆದು ಹೊರವಲಯಗಳನ್ನು ಸಂಕೋಚಿಸಿದರು. ಪ್ರಮಾಣವು ಎಷ್ಟೆಂಬುದನ್ನು ಶಾಸ್ತ್ರದ ಅಂಕೆಗಳಿಗೆ ಬಿಟ್ಟರು. ಫರ್ನಾಸರ ಮೀನಿನ ಕಣ್ಣಿನ ನೋಟವು ಇದಕ್ಕೆ ಬಹಳ ಸಮೀಪವಾದುದು. ಚಿತ್ರದ ಗಾತ್ರ ಬೇರೆ, ವಸ್ತುವಿನ ಪ್ರಮಾಣ ಬೇರೆ ಎಂಬ ಪರಿಜ್ಞಾನ ನೋಡುವವನಿಗಿದ್ದರೆ ಈ ಸಂಕೋಚದಿಂದ ಹಾನಿಯಿಲ್ಲ. ಗ್ರಂಥಸೂಚಿಯ ಪಟದಲ್ಲೂ ಗಾತ್ರಕ್ಕೆ ಒಂದು ಕನಿಷ್ಠ ಮಿತಿಯನ್ನಿಟ್ಟು, ಎಣಿಕೆಯನ್ನು ಅಂಕೆಯಿಂದಲೇ ತಿಳಿಸುವುದು ಉಚಿತ.

೫

ಎರಡನೆಯ ಪ್ರಶ್ನೆ ಮುಚ್ಚಿದ ಶಾಖೆಯದು. ತೆರೆದ ಶಾಖೆಯು ತನ್ನನ್ನು ತಾನೇ ತೋರಿಸಿಕೊಳ್ಳುತ್ತದೆ. ಮುಚ್ಚಿದುದು ಏನನ್ನು ಹೇಳಬೇಕು? ಹೆಸರನ್ನು ಮಾತ್ರ ಹೇಳಿದರೆ ಸಾಲದೆಂಬುದಕ್ಕೆ ಮೂಡುಬಿದಿರೆಯ ಸಿದ್ಧಾಂತ ಬಸದಿಯ ಓಲೆಗಳೇ ನಿದರ್ಶನ. ಅಲ್ಲಿ ‘ಧವಲ’, ‘ಜಯಧವಲ’, ‘ಮಹಾಧವಲ’ ಎಂಬ ಮೂರು ಹೆಸರುಗಳಿಂದ ಸಿದ್ಧಾಂತಪ್ರತಿಗಳು ಶತಮಾನಗಳ ಕಾಲ ಪೂಜಿತವಾಗಿದ್ದುವು. ೧೯ನೆಯ ಶತಮಾನದ ಕೊನೆಯಲ್ಲಿ ಪ್ರತಿಲಿಪಿಕಾರ್ಯ ಆರಂಭವಾಗುವವರೆಗೆ ಯಾತ್ರಿಕರಿಗೆ ದರ್ಶನ ದೊರೆಯುತ್ತಿತ್ತೇ ಹೊರತು ವಿದ್ವತ್ಲೋಕಕ್ಕೆ ಓದು ದೊರೆಯುತ್ತಿರಲಿಲ್ಲ. ಮಹಾಧವಲವೆಂಬ ಕಟ್ಟನ್ನು ಬಿಚ್ಚಿ ಪರಿಶೀಲಿಸಿದಾಗ, ಅದರ ಮುಖ್ಯಭಾಗವು ಭೂತಬಲಿ ಆಚಾರ್ಯರ ಮಹಾಬಂಧ, ಎಂದರೆ ಷಟ್ಖಂಡಾಗಮದ ಆರನೆಯ ಖಂಡ, ಎಂದು ಗೊತ್ತಾಯಿತು. ಅಷ್ಟೇ ಅಲ್ಲದೆ ಆರಂಭದ ಗರಿಗಳಲ್ಲಿ ಬೇರೊಂದು ಕೃತಿಯೇ ಇದ್ದಿತು. ಅದು ‘ಸತ್ಕರ್ಮಪಂಜಿಕೆ’, ವೀರಸೇನರು ೮೧೬ರಲ್ಲಿ ಮುಗಿಸಿದ ಧವಲಾಟೀಕೆಯ ಸತ್ಕರ್ಮಭಾಗಕ್ಕೆ ಸಂಬಂಧಿಸಿದುದು. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ೧೯೩೯ರಿಂದ ೧೬ ಸಂಪುಟಗಳಾಗಿ ಹೊರಬಂದ ಧವಲಾ ಆವೃತ್ತಿಯ ೧೫ನೆಯ ಸಂಪುಟದಲ್ಲಿ ಅದು ಅನುಬಂಧವಾಗಿ ಪ್ರಕಟವಾಯಿತು.

ವಿಷಯದಿಂದ ಧವಲೆಯ ಶಾಖೆಗೆ ಸೇರಬೇಕಾದ ಕೃತಿಯು, ಕಟ್ಟಿನ ದೃಷ್ಟಿಯಿಂದ ಮಹಾಬಂಧದ ಶಾಖೆಯಲ್ಲಿ, ಆ ಕಟ್ಟಿನ ಹೆಸರಿನ ಮರೆಯಲ್ಲಿ ಇದ್ದಿತು. ಇದರಲ್ಲಿ ಲಿಪಿಕಾರನ ತಪ್ಪೇನೂ ಇಲ್ಲ. ಹೊಂದುವ ಕೃತಿಗಳನ್ನು ಒಂದೇ ಕಟ್ಟಿನಲ್ಲಿ ಸೇರಿಸುವುದು ವಾಡಿಕೆಯಾಗಿತ್ತು. ದೋಷವಿದ್ದುದು ಕಟ್ಟಿಗೆ ಒಂದೇ ಹೆಸರನ್ನು ಕೊಟ್ಟು, ಒಳಗೆ ಎಷ್ಟು ಕೃತಿಗಳಿವೆ ಎಂದು ಹೊರಗೆ ತಿಳಿಸದ ಪದ್ಧತಿಯಲ್ಲಿ. ತೆರೆಯ ಮೇಲಣ ವೃಕ್ಷದಲ್ಲಿ ಇದೇ ಪದ್ಧತಿ ಮರುಕಳಿಸಿದರೆ, ಮೂಡುಬಿದಿರೆಯ ಗರ್ಭಗೃಹದಲ್ಲಿ ಒಮ್ಮೆ ಆದುದು ಸಾವಿರ ಕಟ್ಟುಗಳ ವಿಷಯದಲ್ಲಿ ಆಗುವುದು.

ತತ್ತ್ವಾರ್ಥಸೂತ್ರದ ಎಂಟನೆಯ ಅಧ್ಯಾಯವು ಇದಕ್ಕೆ ಉತ್ತಮ ಮಾದರಿಯನ್ನು ಒದಗಿಸುತ್ತದೆ. ಅಲ್ಲಿ ಸೂತ್ರಕಾರರು ಮೊದಲು ಎಂಟು ಮೂಲಪ್ರಕೃತಿಗಳ ಹೆಸರುಗಳನ್ನು ಹೇಳುತ್ತಾರೆ. ಅನಂತರದ ಸೂತ್ರದಲ್ಲಿ ಯಾವ ಭೇದದ ಹೆಸರನ್ನೂ ಎತ್ತದೆ, ಕ್ರಮವಾಗಿ ೫, ೯, ೨, ೨೮, ೪, ೪೨, ೨, ೫ ಎಂದು ಸಂಖ್ಯೆಗಳನ್ನು ಮಾತ್ರ ಕೊಡುತ್ತಾರೆ. ಅದಾದ ಮೇಲೆ ಒಂದೊಂದರ ವಿವರ. ಓದುವವನಿಗೆ ಯಾವ ಶಾಖೆಯೂ ತೆರೆಯುವ ಮೊದಲೇ ಅದರೊಳಗಿನ ಭೇದಗಳ ಸಂಖ್ಯೆ ತಿಳಿದಿರುತ್ತದೆ. ಉದ್ದವಾಗಿದ್ದು ಅಗಲ ಕಿರಿದಾದ ಓಲೆಯಲ್ಲಿ ದೊಡ್ಡ ವೃಕ್ಷವನ್ನು ಬರೆಯುವುದು ಕಷ್ಟ. ಆದರೆ ಈ ಸಂಖ್ಯೆಗಳನ್ನು ಕಂಠಸ್ಥ ಮಾಡಿಕೊಂಡ ವಿದ್ಯಾರ್ಥಿಯ ಮನಸ್ಸಿನಲ್ಲಿ ವೃಕ್ಷವು ತಾನಾಗಿ ನಿಲ್ಲುತ್ತಿತ್ತು; ಲಿಪಿಕಾರನು ಒಂದು ಭೇದವನ್ನು ಬಿಟ್ಟರೆ ಲೆಕ್ಕ ತಪ್ಪಿ ಒಡನೆ ಗೊತ್ತಾಗುತ್ತಿತ್ತು. ಸ್ಪೇಸ್‌ಟ್ರೀಯ ತ್ರಿಕೋನವು ಈ ದಿಕ್ಕಿನಲ್ಲಿಟ್ಟ ಹೆಜ್ಜೆ. ಆದರೆ ತ್ರಿಕೋನವು ಅಂದಾಜನ್ನು ಕೊಡುತ್ತದೆ, ಸೂತ್ರವು ಸಂಖ್ಯೆಯನ್ನು ಕೊಡುತ್ತದೆ. ಹಸ್ತಪ್ರತಿಸೂಚಿಗೆ ಬೇಕಾದುದು ಎರಡನೆಯದು.

೬

ಮೂರನೆಯ ಪ್ರಶ್ನೆ, ಒಂದು ವಸ್ತುವಿಗೆ ಒಂದೇ ಶಾಖೆಯೋ ಎಂಬುದು. ವೃಕ್ಷದಲ್ಲಿ ಎಲೆಯೊಂದು ಎರಡು ಕೊಂಬೆಗಳಲ್ಲಿ ಇರಲಾರದು. ಪ್ರತಿಯಾದರೋ ಅನೇಕ ಕೊಂಬೆಗಳಲ್ಲಿ ಇರತಕ್ಕದ್ದು. ಸ್ಥಳವನ್ನೇ ತೆಗೆದುಕೊಂಡರೂ ಈ ಕಷ್ಟ ತಲೆದೋರುವುದು. ಭುಜಬಲಿ ಶಾಸ್ತ್ರಿಗಳ ಸೂಚಿ ಅಚ್ಚಾದಾಗ ಮೂಡುಬಿದಿರೆ, ಕಾರ್ಕಳ, ಬೆಳ್ತಂಗಡಿ, ಬಂಟ್ವಾಳ ಎಲ್ಲವೂ ಮದ್ರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯೊಳಗಿದ್ದುವು. ೧೯೫೬ರಲ್ಲಿ ಪ್ರಾಂತ ಬದಲಾಯಿತು. ೧೯೯೭ರಲ್ಲಿ ಉಡುಪಿ ಜಿಲ್ಲೆ ಬೇರೆಯಾದಾಗ ಕಾರ್ಕಳ ಅದಕ್ಕೆ ಸೇರಿತು. ಮಂಗಳೂರು ತಾಲೂಕಿನೊಳಗಿದ್ದ ಮೂಡುಬಿದಿರೆ ಈಗ ತಾನೇ ಒಂದು ತಾಲೂಕಿನ ಕೇಂದ್ರ. ಓಲೆಗಳು ಇದ್ದಲ್ಲೇ ಇದ್ದುವು. ಶಾಖೆಗಳು ಮಾತ್ರ ಬದಲಾದುವು. ಜಿಲ್ಲೆಯನ್ನೇ ಮೂಲಶಾಖೆಯಾಗಿ ಉಳ್ಳ ಪಟದಲ್ಲಿ, ಅಕ್ಕಪಕ್ಕದ ಮೂಡುಬಿದಿರೆ ಮತ್ತು ಕಾರ್ಕಳ ಎರಡು ಬೇರೆ ಕೊಂಬೆಗಳ ತುದಿಗೆ ಹೋಗಿ ಕುಳಿತುಕೊಳ್ಳುವುವು.

ಆಶ್ರಯದಾತರ ದೃಷ್ಟಿಯಿಂದ ನೋಡಿದರೆ ಶಾಖೆಗಳೇ ಬೇರೆ. ಬಂಗರ ಅರಸುಮನೆತನದ ನೆಲೆಗಳಲ್ಲಿ ಬಂಗವಾಡಿ ಇಂದಿನ ಬೆಳ್ತಂಗಡಿ ತಾಲೂಕಿನಲ್ಲಿದೆ, ನೇತ್ರಾವತಿಯ ದಡದ ನಂದಾವರ ಬಂಟ್ವಾಳ ತಾಲೂಕಿನಲ್ಲಿದೆ. ಚೌಟರ ಸಂಬಂಧ ಉಳ್ಳಾಲ, ಪುತ್ತಿಗೆ, ಮೂಡುಬಿದಿರೆಗಳಿಗೆ ಹಬ್ಬಿದೆ. ೧೬೦೪ರಲ್ಲಿ ವೇಣೂರಿನಲ್ಲಿ ಗೊಮ್ಮಟಮೂರ್ತಿಯನ್ನು ಸ್ಥಾಪಿಸಿದ ಅಜಿಲರದು ಮತ್ತೊಂದು ವಂಶ. ಒಂದು ಮನೆತನದ ಆಶ್ರಯದಲ್ಲಿ ಬರೆಯಿಸಿದ ಪ್ರತಿಗಳನ್ನು ಒಟ್ಟುಗೂಡಿಸಬೇಕೆನ್ನುವವನಿಗೆ ತಾಲೂಕುವಾರು ವೃಕ್ಷವು ನೆರವಾಗದು, ತೊಡಕನ್ನೇ ತರುವುದು.

ಭಾಷೆ, ಲಿಪಿಗಳಲ್ಲೂ ಹೀಗೆಯೇ. ಸಿದ್ಧಾಂತ ಬಸದಿಯ ಪ್ರತಿಗಳ ಮೂಲಸೂತ್ರ ಪ್ರಾಕೃತ, ಟೀಕೆ ಪ್ರಾಕೃತ–ಸಂಸ್ಕೃತಮಿಶ್ರ, ಲಿಪಿ ಹಳಗನ್ನಡ, ಸ್ಥಳ ತುಳುನಾಡು. ‘ಕನ್ನಡ ಹಸ್ತಪ್ರತಿ’ ಎಂಬ ಶಾಖೆಯಲ್ಲಿ ಅವು ಇರಬೇಕೇ, ‘ಪ್ರಾಕೃತ ಗ್ರಂಥ’ ಎಂಬ ಶಾಖೆಯಲ್ಲೇ? ಮೂಡುಬಿದಿರೆಯ ರತ್ನಾಕರವರ್ಣಿಯ ಕೃತಿಗಳಲ್ಲಿ ‘ಭರತೇಶ ವೈಭವ’ವನ್ನು ಪ್ರಥಮಾನುಯೋಗಕ್ಕೂ ‘ತ್ರಿಲೋಕಶತಕ’ವನ್ನು ಕರಣಾನುಯೋಗಕ್ಕೂ ಸೇರಿಸುವುದು ನ್ಯಾಯವಾದರೂ, ಅದರಿಂದ ಕವಿಯೊಬ್ಬನು ಎರಡ
ಾಗಿ ಸೀಳುವನು.

ಮಾರ್ಗಣೆಗಳ ವ್ಯವಸ್ಥೆಯು ಈ ತೊಡಕನ್ನು ಸಮೂಲವಾಗಿ ನಿವಾರಿಸುತ್ತದೆ. ಗತಿಮಾರ್ಗಣೆಯಲ್ಲಿ ಬಂದ ಜೀವನೇ ಇಂದ್ರಿಯಮಾರ್ಗಣೆಯಲ್ಲೂ, ಕಾಯ, ಯೋಗ, ವೇದ, ಕಷಾಯ, ಲೇಶ್ಯಾದಿಗಳಲ್ಲೂ ಬರುವನು. ರಾಶಿ ಒಂದೇ, ಅದನ್ನು ಅರಸುವ ದಾರಿಗಳು ಹದಿನಾಲ್ಕು. ಯಾವ ದಾರಿಯೂ ಇನ್ನೊಂದರ ಕೆಳಗಣ ಮೆಟ್ಟಿಲಲ್ಲ. ಗ್ರಂಥಾಲಯಶಾಸ್ತ್ರದಲ್ಲಿ ಎಸ್. ಆರ್. ರಂಗನಾಥನ್ನರು ೧೯೩೩ರ ಕೋಲನ್ ವರ್ಗೀಕರಣದಿಂದ ಮೊದಲ್ಗೊಂಡು ಪ್ರತಿಪಾದಿಸಿದ ಮುಖವಿಭಜನೆಯೂ ಇಂತಹುದೇ. ೧೯೬೨ರಲ್ಲಿ ಅವರು ಬೆಂಗಳೂರಿನಲ್ಲಿ ಸ್ಥಾಪಿಸಿದ ಪ್ರಲೇಖನ ಸಂಶೋಧನ ಮತ್ತು ತರಬೇತಿ ಕೇಂದ್ರದಿಂದ ಆ ವಿಚಾರ ಈ ನಾಡಿನಲ್ಲಿಯೇ ಬೆಳೆಯಿತು. ಸ್ಥಳ, ಆಶ್ರಯ, ಲಿಪಿ, ಭಾಷೆ, ಅನುಯೋಗ, ಕರ್ತೃ, ಲಿಪಿಕಾರ, ಕಾಲ ಇವುಗಳನ್ನು ಸಮಾನಸ್ಕಂಧದ ಮಾರ್ಗಣೆಗಳಾಗಿಟ್ಟು, ನೋಡುವವನು ಆಯ್ದ ಮಾರ್ಗಣೆಯಂತೆ ವೃಕ್ಷವು ಆಗಿಂದಾಗ ರೂಪುಗೊಳ್ಳುವಂತೆ ಮಾಡಬೇಕು.

ಇಲ್ಲಿ ಮತ್ತೊಂದು ಸೂಕ್ಷ್ಮವನ್ನು ಗಮನಿಸತಕ್ಕದ್ದು. ಇಂದ್ರಿಯಮಾರ್ಗಣೆಯಲ್ಲಿ ಏಕೇಂದ್ರಿಯಾದಿಗಳನ್ನು ಹೇಳಿ ಮುಗಿಸದೆ ‘ಅನಿಂದ್ರಿಯ’ರನ್ನೂ ಹೇಳಲಾಗಿದೆ, ಕಾಯದಲ್ಲಿ ‘ಅಕಾಯ’, ವೇದದಲ್ಲಿ ‘ಅಪಗತವೇದ’, ಲೇಶ್ಯೆಯಲ್ಲಿ ‘ಅಲೇಶ್ಯ’ ಎಂದೂ ಇದೆ. ಯಾವ ಜೀವನೂ ಯಾವ ಮಾರ್ಗಣೆಯಿಂದಲೂ ಹೊರಗೆ ಉಳಿಯಬಾರದೆಂಬ ಎಚ್ಚರ ಇದರಲ್ಲಿದೆ. ಗ್ರಂಥಸೂಚಿಗಳಲ್ಲಿ ಕರ್ತೃವಿನ ಹೆಸರಿಲ್ಲದ, ಮೊದಲೂ ಕೊನೆಯೂ ಇಲ್ಲದ ಓಲೆಗಳು ‘ಇತರ’ ಎಂಬ ಒಂದು ಮೂಲೆಗೆ ಬೀಳುವುದುಂಟು. ಆ ಮೂಲೆಯನ್ನು ತೆರೆಯುವವರು ಕಡಿಮೆ. ಅವುಗಳಿಗೂ ಪ್ರತಿಯೊಂದು ಮಾರ್ಗಣೆಯಲ್ಲಿ ನಿಯತವಾದ ಸ್ಥಾನ ಬೇಕು. ಅದರಲ್ಲೂ, ಲಿಪಿಕಾರನು ತನ್ನ ಹೆಸರನ್ನು ಬರೆದೇ ಇಲ್ಲವೆಂಬುದು ಒಂದು, ಬರೆದ ಗರಿ ಕಳೆದುಹೋಗಿದೆಯೆಂಬುದು ಇನ್ನೊಂದು, ಸೂಚಿಕಾರನು ಅದನ್ನು ಪರಿಶೀಲಿಸಿಲ್ಲವೆಂಬುದು ಮತ್ತೊಂದು. ಮೂರನ್ನೂ ಖಾಲಿ ಜಾಗದಿಂದಲೇ ಸೂಚಿಸಿದರೆ ಮುಂದಿನ ಸಂಶೋಧಕನಿಗೆ ದಾರಿ ತಪ್ಪುವುದು.

೭

ನಾಲ್ಕನೆಯದು ಎಣಿಕೆಯ ಪ್ರಶ್ನೆ. ಕರ್ಮಪ್ರಕೃತಿಗಳು ಎಷ್ಟೆಂದು ಕೇಳಿದರೆ ಶಾಸ್ತ್ರದಲ್ಲಿ ಒಂದೇ ಉತ್ತರವಿಲ್ಲ. ಸತ್ತ್ವದಲ್ಲಿ ೧೪೮. ಬಂಧದಲ್ಲಿ ಭೇದವಿವಕ್ಷೆಯಿಂದ ೧೪೬, ಅಭೇದವಿವಕ್ಷೆಯಿಂದ ೧೨೦. ಉದಯದಲ್ಲಿ ಭೇದವಿವಕ್ಷೆಯಿಂದ ೧೪೮, ಅಭೇದವಿವಕ್ಷೆಯಿಂದ ೧೨೨. ಸಮ್ಯಕ್ತ್ವ ಮತ್ತು ಮಿಶ್ರ ಪ್ರಕೃತಿಗಳಿಗೆ ಬಂಧವಿಲ್ಲವಾದುದರಿಂದ ಅಲ್ಲಿ ಎರಡು ಕಡಿಮೆ. ಐದು ಬಂಧನ, ಐದು ಸಂಘಾತಗಳನ್ನು ಶರೀರದಲ್ಲಿಯೇ ಅಡಗಿಸಿ, ವರ್ಣ, ಗಂಧ, ರಸ, ಸ್ಪರ್ಶಗಳ ೨೦ ಭೇದಗಳನ್ನು ನಾಲ್ಕಾಗಿಯೇ ಎಣಿಸಿದರೆ ಮತ್ತೆ ೨೬ ಕಡಿಮೆ. ಶಾಖೆಗಳನ್ನು ಎಲ್ಲಿ ಮುಚ್ಚಿ ಎಣಿಸಲಾಯಿತು, ಎಲ್ಲಿ ತೆರೆದು ಎಣಿಸಲಾಯಿತು ಎಂಬುದನ್ನು ‘ವಿವಕ್ಷೆ’ ಎಂಬ ಒಂದು ಮಾತಿನಿಂದ ಗೊಮ್ಮಟಸಾರದ ಕರ್ಮಕಾಂಡವು ಸ್ಪಷ್ಟಪಡಿಸುತ್ತದೆ. ೧೩೫೯ರಲ್ಲಿ ಕೇಶವಣ್ಣನು ಕನ್ನಡದಲ್ಲಿ ಬರೆದ ಗೊಮ್ಮಟಸಾರದ ವೃತ್ತಿಯು ಅಂಕಸಂದೃಷ್ಟಿಗಳೊಡನೆ ಇಂತಹ ಗಣನೆಗಳನ್ನು ವಿಸ್ತರಿಸುತ್ತದೆ.

ಭಂಡಾರವೊಂದರಲ್ಲಿ ಇಷ್ಟು ಸಾವಿರ ‘ಗ್ರಂಥ’ಗಳಿವೆ ಎಂಬ ಹೇಳಿಕೆಗಳು ಆಗಾಗ ಬರುತ್ತವೆ. ಅವು ಕಟ್ಟುಗಳೋ, ಕಟ್ಟಿನೊಳಗಣ ಪ್ರತಿಗಳೋ, ಭಿನ್ನ ಭಿನ್ನ ಕೃತಿಗಳೋ ಎಂಬುದು ತಿಳಿಯದೆ ಒಂದು ಭಂಡಾರವನ್ನು ಇನ್ನೊಂದರೊಡನೆ ಹೋಲಿಸುವುದು ಅಸಾಧ್ಯ. ಮಹಾಧವಲವು ಕಟ್ಟಿನ ಲೆಕ್ಕದಲ್ಲಿ ಒಂದು, ಕೃತಿಯ ಲೆಕ್ಕದಲ್ಲಿ ಎರಡು. ತೆರೆಯ ಮೇಲಣ ಪ್ರತಿಯೊಂದು ಅಂಕೆಯೂ ತನ್ನ ವಿವಕ್ಷೆಯನ್ನು ಜೊತೆಗೆ ಹೇಳಬೇಕು.

೮

ಆಗಮದ ಕ್ರಮವನ್ನು ಯಂತ್ರದ ಪಟಕ್ಕೆ ಹೋಲಿಸುವುದು ಬಲವಂತದ ಕಲ್ಪನೆಯೆಂದು ಯಾರಾದರೂ ಆಕ್ಷೇಪಿಸಬಹುದು. ಆಗಮದ ಪ್ರಯೋಜನ ಆತ್ಮಹಿತ, ಸೂಚಿಯ ಪ್ರಯೋಜನ ಲೌಕಿಕ ಎಂಬುದು ನಿಜ. ವೀರಸೇನರಾಗಲಿ ನೇಮಿಚಂದ್ರರಾಗಲಿ ಗಣಕಯಂತ್ರವನ್ನು ಮುಂಗಂಡಿದ್ದರೆಂದು ಹೇಳುವುದು ಹಾಸ್ಯಾಸ್ಪದ. ಇಲ್ಲಿ ಹೇಳಿರುವುದು ಅಷ್ಟಲ್ಲ. ವಿಸ್ತಾರವಾದ ಭೇದಪ್ರಭೇದಗಳನ್ನು ಒಬ್ಬ ವಿದ್ಯಾರ್ಥಿಯ ಬುದ್ಧಿಗೆ ನಿಲುಕಿಸುವ ಕಷ್ಟ ಎರಡು ಕಡೆಯೂ ಒಂದೇ. ಆ ಕಷ್ಟವನ್ನು ದೀರ್ಘಕಾಲ ಪಾಠಪ್ರವಚನಗಳಲ್ಲಿ ಒರೆಗೆ ಹಚ್ಚಿ ಪರಿಹರಿಸಿಕೊಂಡ ಪರಂಪರೆಯ ಅನುಭವವನ್ನು ಹೊಸ ಕಾರ್ಯದಲ್ಲಿ ಬಳಸುವುದು ವಿವೇಕ. ಪಾಶ್ಚಾತ್ಯರ ಪ್ರಯತ್ನಗಳನ್ನು ಕಡೆಗಣಿಸಬೇಕೆಂಬ ಅಭಿಪ್ರಾಯವೂ ಇಲ್ಲಿಲ್ಲ. ಅವುಗಳಲ್ಲಿ ಚಲನೆಯ ಸೌಲಭ್ಯ, ತತ್‌ಕ್ಷಣದ ಉತ್ತರ, ಸಮಗ್ರದ ನೋಟ ಇವು ಓಲೆಗೆ ಎಂದೂ ಸಾಧ್ಯವಾಗದ ಗುಣಗಳು.

ಪ್ರತಿಯೊಂದು ವೃಕ್ಷವೂ ಒಂದು ನಯ. ನಯವು ವಸ್ತುವಿನ ಒಂದಂಶವನ್ನು ಹಿಡಿದು ಹೇಳುತ್ತದೆ, ಅಷ್ಟರಿಂದ ದೋಷವಿಲ್ಲ. ಉಳಿದ ಅಂಶಗಳನ್ನು ನಿರಾಕರಿಸಿದಾಗ ಅದು ನಯಾಭಾಸವಾಗುವುದು. ತಾಲೂಕುವಾರು ವೃಕ್ಷವು ತಾನು ತಾಲೂಕುವಾರು ಎಂದು ಹೇಳಿಕೊಂಡು, ಬೇರೆ ಮಾರ್ಗಣೆಗಳಿಗೆ ದಾರಿ ಬಿಟ್ಟಿರುವ ತನಕ ಸಾಧುವೇ ಸರಿ.

ಮೇಲಣ ಪರಿಶೀಲನೆಯಿಂದ ಫಲಿಸುವ ಅಂಶಗಳನ್ನು ಹೀಗೆ ಸಂಗ್ರಹಿಸಬಹುದು. ಮುಚ್ಚಿದ ಶಾಖೆಯು ತನ್ನೊಳಗಿನ ಎಣಿಕೆಯನ್ನು ಅಂಕೆಯಲ್ಲಿ ತಿಳಿಸಬೇಕು. ಆ ಎಣಿಕೆ ಕಟ್ಟಿನದೋ ಪ್ರತಿಯದೋ ಕೃತಿಯದೋ ಎಂಬ ವಿವಕ್ಷೆ ಜೊತೆಗಿರಬೇಕು. ಒಂದು ಪ್ರತಿಯು ಎಲ್ಲ ಮಾರ್ಗಣೆಗಳಿಂದಲೂ ದೊರೆಯುವಂತಿರಬೇಕು. ‘ಇತರ’ ಎಂಬ ಶಾಖೆ ಇರಬಾರದು. ‘ಇಲ್ಲ’, ‘ಕಳೆದಿದೆ’, ‘ನೋಡಿಲ್ಲ’ ಎಂಬ ಮೂರು ಶಾಖೆಗಳಿರಬೇಕು. ಚಿಕ್ಕ ನಿಧಿಯು ಚಿಕ್ಕದೆಂಬ ಕಾರಣದಿಂದ ತೆರೆಯಿಂದ ಮಾಯವಾಗಬಾರದು.

ಈ ನಿಯಮಗಳನ್ನು ಪ್ರಯೋಗಿಸಿ ನೋಡಲು ಮೂಡುಬಿದಿರೆ, ಬೆಳ್ತಂಗಡಿ, ಬಂಟ್ವಾಳಗಳಷ್ಟು ಅನುಕೂಲವಾದ ಪ್ರದೇಶ ಮತ್ತೊಂದು ಸಿಗುವುದು ಕಷ್ಟ. ಅಲ್ಲಿ ದೊಡ್ಡ ಮಠದ ಭಂಡಾರವೂ ಏಕಾಕಿಯಾದ ಮನೆಯ ಕಟ್ಟೂ ಒಂದೇ ಪರಂಪರೆಯವಾಗಿ, ಒಂದು ದಿನದ ಪ್ರಯಾಣದೊಳಗೆ ಇವೆ. ಕಟ್ಟುಗಳನ್ನು ಬಿಚ್ಚಿ, ಗರಿಗಳನ್ನು ಎಣಿಸಿ, ಒಳಗಣ ಕೃತಿಗಳನ್ನು ಒಂದೊಂದಾಗಿ ಬರೆದುಕೊಳ್ಳುವ ಕೆಲಸ ಮೊದಲು ಆಗಬೇಕು. ತೆರೆಯ ಮೇಲಣ ವೃಕ್ಷವು ಎಷ್ಟೇ ಸೊಗಸಾಗಿದ್ದರೂ ಸೂಚಿಕಾರನು ನೋಡದ ಗರಿಯನ್ನು ತೋರಿಸಲಾರದು.